ಮೇಡಂ ಬರೆದ ಏಳನೆಯ ಪುಟ

ಕಂಪ್ಯೂಟರು, ಫೋನುಗಳ ಪರದೆಯ ವಿನ್ಯಾಸವೆಂದರೆ ಬಣ್ಣ ಬಳಿಯುವ ಕೆಲಸವೆಂದು ನಮ್ಮ ಕ್ಷೇತ್ರದವರೇ ನಂಬಿಕೊಂಡಿದ್ದ ಕಾಲದಲ್ಲಿ, ಒಂದು ದೇಶದ ಜನ ಸಾಲಿನಲ್ಲಿ ಹೇಗೆ ನಿಲ್ಲುತ್ತಾರೆ, ಯಾರೆದುರು ಬಾಯಿ ಬಿಡಲು ಹಿಂಜರಿಯುತ್ತಾರೆ, ಮನೆಯಲ್ಲಿ ಯಾರ ಫೋನನ್ನು ಯಾರು ಎತ್ತುತ್ತಾರೆ ಎಂಬುದನ್ನು ತಿಳಿಯದೆ ಒಂದು ಬಟನ್ನನ್ನೂ ಎಲ್ಲಿಡಬೇಕೆಂದು ಹೇಳಲಾಗದು ಎಂದು ಮೊದಲು ಹೇಳಿದವರಲ್ಲಿ, ಹೇಳಿ ಸುಮ್ಮನಾಗದೆ ವರ್ಷಗಟ್ಟಲೆ ಮಾಡಿಯೂ ತೋರಿಸಿದವರಲ್ಲಿ ನಮ್ಮ ಮೇಡಂ ಅಗ್ರಗಣ್ಯರು. ಇದು ಸಮಾರಂಭಕ್ಕೆಂದು ಉಬ್ಬಿಸಿ ಹೇಳಿದ ಮಾತಲ್ಲ. ಅವರ ವಿಧಾನವನ್ನು ಇಂದು ಹನ್ನೊಂದು ದೇಶಗಳಲ್ಲಿರುವ ನಮ್ಮ ಕಚೇರಿಗಳಲ್ಲಿ ಹೊಸಬರಿಗೆ ಮೊದಲ ವಾರದಲ್ಲೇ ಕಲಿಸುತ್ತಾರೆ. ಅದು ಯಾರ ವಿಧಾನವೆಂದು ಮಾತ್ರ ಕಲಿಸುವುದಿಲ್ಲ.

ಮೂವತ್ತೊಂದು ವರ್ಷಗಳ ಸೇವೆಯ ನಂತರ ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟಕ್ಕೆ ಲೇಖನಗಳನ್ನು ಕೋರಿ ಹೊರಟ ಸುತ್ತೋಲೆಯಲ್ಲಿ, ಧಾಟಿ ಸಕಾರಾತ್ಮಕವಾಗಿರಬೇಕು, ಹಳೆಯ ಆಡಳಿತಾತ್ಮಕ ವಿಷಯಗಳನ್ನು ಪ್ರಸ್ತಾಪಿಸಬಾರದು ಎಂಬ ಎರಡು ಷರತ್ತುಗಳಿವೆ. ಆ ಸುತ್ತೋಲೆಗೆ ಸಹಿ ಹಾಕಿದವಳು ನಾನೇ. ಸಂಪುಟದ ಸಂಪಾದಕಿಯೂ ನಾನೇ. ಆದ್ದರಿಂದ ಈ ಬರಹದಿಂದ ಪುಟಗಳನ್ನು ತೆಗೆದುಹಾಕುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಆ ಕೆಲಸದಲ್ಲಿ ನನಗಿರುವಷ್ಟು ಅನುಭವವೂ ಬೇರೆ ಯಾರಿಗೂ ಇಲ್ಲ. ಮಾತು ಹೀಗೇಕೆ ಕಹಿಯಾಯಿತೆಂದು ಓದುಗರು ಹುಬ್ಬೇರಿಸಬಹುದು. ಹೇಳುತ್ತೇನೆ. ಅದಕ್ಕೆ ಮೊದಲು ಮೇಡಂ ಅವರ ಕೆಲಸದ ಬಗ್ಗೆ ಹೇಳಬೇಕು, ಏಕೆಂದರೆ ಏನನ್ನು ಹಾಳುಮಾಡಿದೆವೆಂದು ತಿಳಿಯದೆ ಹಾಳುಮಾಡಿದ್ದರ ತೂಕ ತಿಳಿಯುವುದಿಲ್ಲ.

ಅವರು ಸಂಸ್ಥೆಗೆ ಸೇರಿದ್ದು ಅನುವಾದದ ಕರಡು ತಿದ್ದುವವರಾಗಿ. ಬೇರೆ ಬೇರೆ ಭಾಷೆಗೆ ಹೋದ ಪದ ಬಟನ್ನಿನೊಳಗೆ ಹಿಡಿಸುತ್ತದೆಯೇ, ಅಂಚಿನಿಂದಾಚೆ ಚಾಚಿಕೊಂಡಿದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡುವ ಕೆಲಸ ಅದು. ಎರಡನೆಯ ಮಹಡಿಯ ಹಿಂಬದಿಯಲ್ಲಿ, ಲಿಫ್ಟಿನ ಸದ್ದು ಗೋಡೆಗೆ ಬಡಿಯುವ ಕಿಟಕಿಯಿಲ್ಲದ ಕೋಣೆ. ಆ ಕೋಣೆಗೆ ಒಂದು ದಿನ ದೂರದ ದೇಶವೊಂದರ ಸರ್ಕಾರಿ ಕಚೇರಿಯಿಂದ ದೂರು ಬಂತು: ನೀವು ಮಾಡಿಕೊಟ್ಟ ಹಾಜರಿಯ ತಂತ್ರಾಂಶ ಕೆಲಸ ಮಾಡುತ್ತಿಲ್ಲ. ಇಂಜಿನಿಯರುಗಳು ಎರಡು ಸಲ ಹೋಗಿ ಬಂದರು. ತಂತ್ರಾಂಶದಲ್ಲಿ ಯಾವ ದೋಷವೂ ಸಿಗಲಿಲ್ಲ. ಅನುವಾದ ಸರಿಯಿಲ್ಲವೇನೋ ಎಂಬ ಗುಮಾನಿಯಿಂದ ಮೂರನೆಯ ಸಲ ಮೇಡಂ ಅವರನ್ನು ಕಳಿಸಿದರು. ಅವರು ಅಲ್ಲಿನ ಗುಮಾಸ್ತರೊಬ್ಬರ ಪಕ್ಕದಲ್ಲಿ ನಾಲ್ಕು ದಿನ ಸುಮ್ಮನೆ ಕುಳಿತರು. ಗುಮಾಸ್ತರು ಪ್ರತಿ ಬೆಳಿಗ್ಗೆ ಹಾಜರಿ ಪಟ್ಟಿಯನ್ನು ಮುದ್ರಿಸಿಕೊಂಡು, ಹೆಸರುಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ, ಹಿರಿಯರಿಂದ ಕಿರಿಯರಿಗೆ ಇಳಿಯುವ ಕ್ರಮದಲ್ಲಿ ಬೇರೆ ಹಾಳೆಗೆ ಅಂಟಿಸಿ ಸಹಿಗೆ ಒಯ್ಯುತ್ತಿದ್ದರು. ಅಕ್ಷರ ಕ್ರಮದಲ್ಲಿ ಜೋಡಿಸಿದ ನಮ್ಮ ಪಟ್ಟಿಯಲ್ಲಿ ಮುಖ್ಯಾಧಿಕಾರಿಯ ಹೆಸರು ಜವಾನನ ಹೆಸರಿನ ಕೆಳಗೆ ಬರುತ್ತಿತ್ತು. ಅದನ್ನು ಅವರ ಮುಖಕ್ಕೆ ಹಿಡಿಯುವ ಎದೆಗಾರಿಕೆ ಯಾರಿಗಿದೆ? ತಂತ್ರಾಂಶವೇ ಕೆಲಸ ಮಾಡುತ್ತಿಲ್ಲವೆಂದು ಬರೆದು ಕೈ ತೊಳೆದುಕೊಂಡಿದ್ದರು. ಮೇಡಂ ಹಿಂದಿರುಗಿ ಒಂದೇ ಸಾಲಿನ ವರದಿ ಕೊಟ್ಟರು: ಪಟ್ಟಿಯನ್ನು ಹುದ್ದೆಯ ಕ್ರಮದಲ್ಲಿ ಜೋಡಿಸಿ. ದೂರು ನಿಂತಿತು. ಇಂಜಿನಿಯರುಗಳು ಮೂಗು ಮುರಿದರಂತೆ. ಆದರೆ ಅದೇ ವರ್ಷ ಕ್ಷೇತ್ರ ಅಧ್ಯಯನಕ್ಕೆಂದು ಹೊಸ ವಿಭಾಗ ತೆರೆದು ಮೇಡಂ ಅವರನ್ನು ಅಲ್ಲಿಗೆ ಕರೆದುಕೊಂಡರು.

ಬಳಸುವವರ ಎದುರು ಕೂರಬಾರದು, ಪಕ್ಕದಲ್ಲಿ ಕೂರಬೇಕು ಎಂಬುದು ಅವರ ಮೊದಲ ನಿಯಮ. ಎದುರು ಕೂತವರು ಪರೀಕ್ಷಕರಾಗಿ ಕಾಣುತ್ತಾರೆ, ಪಕ್ಕದಲ್ಲಿ ಕೂತವರು ನೆಂಟರಾಗಿ ಕಾಣುತ್ತಾರೆ ಎನ್ನುತ್ತಿದ್ದರು. ಯಾವ ದೇಶದ ಯಾವ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಕುರ್ಚಿಯನ್ನು ದರದರ ಎಳೆದು ಪಕ್ಕಕ್ಕೆ ಹಾಕಿಕೊಳ್ಳುವುದು. ಹೀಗಾಗಿ ಕಚೇರಿಯಲ್ಲಿ ಅವರಿಗೆ ಬಿದ್ದ ಅಡ್ಡಹೆಸರು 'ಪಕ್ಕದ ಕುರ್ಚಿ'. ಅದು ಕಿವಿಗೆ ಬಿದ್ದಾಗ ಅವರು ನಕ್ಕು, ಸದ್ಯ ಮುರಿದ ಕುರ್ಚಿ ಅನ್ನಲಿಲ್ಲವಲ್ಲ ಎಂದರಂತೆ. ಸಂಸ್ಕೃತಿಯೆಂದರೆ ಬಣ್ಣ ಎಂದು ತಿಳಿದವರನ್ನು ಕಂಡರೆ ಮಾತ್ರ ಅವರಿಗೆ ಮೈ ಉರಿಯುತ್ತಿತ್ತು. ಸಮ್ಮೇಳನವೊಂದರಲ್ಲಿ ಮುಖ್ಯ ಅತಿಥಿಗಳು ಈ ದೇಶದಲ್ಲಿ ಕೆಂಪು ಶುಭ, ಆ ದೇಶದಲ್ಲಿ ಬಿಳಿ ಅಶುಭ ಎಂದು ಒಂದು ಗಂಟೆ ಚಿತ್ರ ತೋರಿಸಿದರು. ಗೋಡೆಗೆ ಬಣ್ಣ ಹೊಡೆಯುವವನನ್ನು ಕರೆಸಿದ್ದರೆ ಇಷ್ಟು ಹೊತ್ತಿಗೆ ಒಂದು ಕೋಣೆಯಾದರೂ ಮುಗಿದಿರುತ್ತಿತ್ತು ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು. ನಾನು ನಗು ತಡೆಯಲಾರದೆ ಕೆಮ್ಮಿದಂತೆ ನಟಿಸಬೇಕಾಯಿತು.

ರೈಲು ನಿಲ್ದಾಣದ ಟಿಕೆಟ್ ಯಂತ್ರದ ಕೆಲಸವನ್ನು ಇಲ್ಲಿ ನೆನೆಯದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಗಡಿ ಹಂಚಿಕೊಂಡ ಎರಡು ದೇಶಗಳಿಗೆ ನಾವು ಒಂದೇ ಯಂತ್ರ ಕೊಟ್ಟಿದ್ದೆವು. ಒಂದು ದೇಶದಲ್ಲಿ ಮೂವರಲ್ಲಿ ಒಬ್ಬರು ತಪ್ಪು ಟಿಕೆಟ್ ತೆಗೆಯುತ್ತಿದ್ದರು; ಇನ್ನೊಂದರಲ್ಲಿ ಯಾರೂ ತಪ್ಪುತ್ತಿರಲಿಲ್ಲ, ಆದರೆ ಸಾಲು ಕರಗುತ್ತಿರಲಿಲ್ಲ. ಮೇಡಂ ಎರಡೂ ಕಡೆ ಎರಡೆರಡು ದಿನ ಸಾಲಿನಲ್ಲಿ ನಿಂತರು. ಮೊದಲ ದೇಶದ ಜನ ಹಿಂದೆ ಕಾಯುತ್ತಿರುವವರಿಗೆ ತಡವಾಗುತ್ತದೆಂಬ ಸಂಕೋಚಕ್ಕೆ ಕೈಗೆ ಸಿಕ್ಕಿದ ಬಟನ್ ಒತ್ತಿ ಓಡುತ್ತಿದ್ದರು. ಎರಡನೆಯ ದೇಶದವರು ನಿಸ್ಸಂಕೋಚವಾಗಿ ಹಿಂದೆ ತಿರುಗಿ ಕೇಳುತ್ತಿದ್ದರು. ಹಿಂದಿನ ಐದಾರು ಜನ ಸೇರಿ ಅವರ ಪ್ರಯಾಣವನ್ನು ತೀರ್ಮಾನಿಸುತ್ತಿದ್ದರು. ಮೊದಲಿನವರಿಗೆ ಸಾಲು ಸೇರುವ ಮೊದಲೇ ನಿಧಾನವಾಗಿ ಆರಿಸಿಕೊಳ್ಳಲು ಬದಿಯಲ್ಲಿ ಒಂದು ಪರದೆ, ಎರಡನೆಯವರಿಗೆ ಹಿಂದೆ ನಿಂತ ಮೂರನೆಯವನಿಗೂ ಕಾಣುವಷ್ಟು ದಪ್ಪ ಅಕ್ಷರ: ಇಷ್ಟೇ ಅವರು ಸೂಚಿಸಿದ ಬದಲಾವಣೆ. ಆ ಯಂತ್ರಗಳು ಇಂದಿಗೂ ಹಾಗೆಯೇ ಇವೆ.

ನಾನು ಅವರ ಕೈಕೆಳಗೆ ಸೇರಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಮೊದಲ ಪ್ರವಾಸ ಚಳಿ ದೇಶವೊಂದಕ್ಕೆ. ಬಿಸಿಯಿಲ್ಲದ ಗ್ರಂಥಾಲಯದ ಕೋಣೆಯಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿದ್ದಾಗ ಅವರು ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದುಕೊಟ್ಟರು. ಜೊತೆಗೆ ಬರುವ ಕಿರಿಯರಿಗೆಂದೇ ಸದಾ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡಿರುತ್ತಿದ್ದರೆಂದು ಆಮೇಲೆ ತಿಳಿಯಿತು. ಅಂದು ಒಬ್ಬ ಅಜ್ಜಿ ನಮ್ಮ ಪರದೆಯ ಮೇಲೆ ಹತ್ತು ನಿಮಿಷ ತಡಕಾಡಿದ ಮೇಲೆ ನಾನು, ಸುಲಭವಾಯಿತೇ ಎಂದು ಕೇಳಿದೆ. ಅಜ್ಜಿ ತುಂಬ ಸುಲಭ ಎಂದರು. ನಾನು ಹಿಗ್ಗಿ ಬರೆದುಕೊಂಡೆ. ಹೊರಬಂದ ಮೇಲೆ ಮೇಡಂ ಕಿವಿ ಹಿಂಡಿದರು.

"ಊರಿಗೆ ಬಂದವರು ಸುಲಭ ಆಯ್ತಾ ಅಂತ ಕೇಳಿದ್ರೆ ಯಾರಾದ್ರೂ ಕಷ್ಟ ಅಂತಾರೇನೇ? ಅಡುಗೆ ಹೇಗಿತ್ತು ಅಂತ ಕೇಳಿದ್ರೆ ನೀನು ಏನಂತೀಯ? ಉತ್ತರ ಒಳಗಿಟ್ಟು ಪ್ರಶ್ನೆ ಕೇಳ್ಬಾರ್ದು."

ಆಮೇಲೆ ಅವರು ಅಜ್ಜಿಯ ಬಳಿ ಮತ್ತೆ ಹೋಗಿ, ಇದನ್ನು ನಿಮ್ಮ ತಂಗಿಗೆ ಕಲಿಸಿಕೊಡಿ ನೋಡೋಣ ಎಂದರು. ಅಜ್ಜಿ ತಂಗಿಗೆ ಮೊದಲು ಹೇಳಿದ ಮಾತು, ಈ ಹಾಳಾದ್ದರಲ್ಲಿ ಏನೂ ಗೊತ್ತಾಗುವುದಿಲ್ಲ ಕಣೇ ಎಂದು. ಮುಂದೆ ನನ್ನ ತಾಯಿ ಆಸ್ಪತ್ರೆ ಸೇರಿದಾಗ ನನ್ನ ಪಾಲಿನ ಎರಡು ತಿಂಗಳ ಪ್ರವಾಸವನ್ನು ಮೇಡಂ ತಾವೇ ಮುಗಿಸಿ, ವರದಿಯ ಮೇಲೆ ನನ್ನ ಹೆಸರನ್ನೇ ಮೊದಲು ಹಾಕಿದರು. ನಾನು ಬೇಡವೆಂದಾಗ, ತಾಯಿಯ ಹತ್ತಿರ ಇದ್ದದ್ದೂ ಕೆಲಸವೇ ಎಂದು ಬಾಯಿ ಮುಚ್ಚಿಸಿದರು. ನನ್ನ ತಾಯಿ ಕೊನೆಯವರೆಗೂ ಅವರನ್ನು ನಿನ್ನ ಅಕ್ಕ ಎಂದೇ ಕರೆಯುತ್ತಿದ್ದರು. ಇಂಥವನ್ನು ಪಟ್ಟಿ ಮಾಡುತ್ತಾ ಹೋದರೆ ಸುತ್ತೋಲೆ ಬಯಸಿದಂಥ ಲೇಖನವೇ ಆದೀತು.

ನಮ್ಮ ಆಗಿನ ನಿರ್ದೇಶಕರಿಗೂ ಒಂದು ಅಡ್ಡಹೆಸರಿತ್ತು: 'ಆಗುತ್ತೆ ತಾನೇ'. ಯಾವ ಸಭೆಯನ್ನೂ ಅವರು ಮುಗಿಸುತ್ತಿದ್ದದ್ದು ಆ ಪ್ರಶ್ನೆಯಿಂದ. ಇಪ್ಪತ್ತು ಜನ ವಿನ್ಯಾಸಕರು, ಲೋಕದ ಜನರ ನಡೆನುಡಿಯನ್ನೆಲ್ಲ ಅರೆದು ಕುಡಿದವರು, ಕೋಲೆಬಸವನಂತೆ ಗೋಣು ಆಡಿಸಿ ಆಗುತ್ತೆ ಸಾರ್ ಎನ್ನುತ್ತಿದ್ದೆವು. ಆಗುವುದಿಲ್ಲ ಎನ್ನುತ್ತಿದ್ದವರು ಮೇಡಂ ಒಬ್ಬರೇ. ಅವರು ಪ್ರವಾಸದಲ್ಲಿದ್ದಾಗ ಸಭೆಗಳು ಬೇಗ ಮುಗಿಯುತ್ತಿದ್ದವು.

ಒಂಬತ್ತು ವರ್ಷಗಳ ಹಿಂದೆ ದ್ವೀಪದೇಶವೊಂದರ ಆಸ್ಪತ್ರೆಗಳಿಗೆ ನಾವು ಒಂದು ಆ್ಯಪ್ ಮಾಡಿದೆವು. ರಕ್ತದೊತ್ತಡದ ರೋಗಿಗಳಿಗೆ ದಿನಾ ಮಾತ್ರೆ ನೆನಪಿಸುವ ಆ್ಯಪ್. ಬೆಳಿಗ್ಗೆ ಎಂಟಕ್ಕೆ ಫೋನು ಗುಂಯ್ ಎನ್ನುತ್ತದೆ. ಪರದೆಯ ಮೇಲೆ ರೋಗಿಯ ಸ್ವಂತ ವೈದ್ಯರ ನಗುಮುಖದ ಭಾವಚಿತ್ರ. ಕೆಳಗೆ, ಮಾತ್ರೆ ತೆಗೆದುಕೊಂಡಿರಾ ಎಂಬ ಪ್ರಶ್ನೆ. ಅದರ ಕೆಳಗೆ 'ಹೌದು', 'ಇಲ್ಲ' ಎಂಬ ಎರಡು ಬಟನ್. ಉತ್ತರಗಳೆಲ್ಲ ವೈದ್ಯರಿಗೆ ಹೋಗುತ್ತವೆ. ಇದೇ ಆ್ಯಪ್ ಬೇರೆ ಎರಡು ದೇಶಗಳಲ್ಲಿ ಚೆನ್ನಾಗಿ ನಡೆದಿತ್ತು. ಭಾವಚಿತ್ರವಿದ್ದರೆ ಆತ್ಮೀಯತೆ ಹೆಚ್ಚುತ್ತದೆಂದು ಸೂಚಿಸಿ ಬೆನ್ನು ತಟ್ಟಿಸಿಕೊಂಡವಳು ನಾನು. ದ್ವೀಪದೇಶದಲ್ಲಿ ಬಿಡುಗಡೆಗೆ ಮುನ್ನ ಕೆಲವರಿಗೆ ಕೊಟ್ಟು ನೋಡಿದೆವು. ಅವರ ಪಕ್ಕ ಕೂರಲು ಮೇಡಂ ಹೋದರು. ಅಲ್ಲಿಂದಲೇ ನನಗೆ ಹದಿನಾಲ್ಕು ಪುಟದ ವರದಿ ಕಳಿಸಿ, ಬೇರೊಂದು ದೇಶದ ಮೂರು ತಿಂಗಳ ಕೆಲಸಕ್ಕೆ ನೇರವಾಗಿ ಹೊರಟುಹೋದರು. ವರದಿಯನ್ನು ಸಂಸ್ಥೆಯ ಮಾದರಿಗೆ ಜೋಡಿಸಿ ನಿರ್ದೇಶಕರಿಗೂ ಆಸ್ಪತ್ರೆಯವರಿಗೂ ಕೊಡುವುದು ನನ್ನ ಹೊಣೆ. ಅದರ ಏಳನೆಯ ಪುಟವನ್ನು ಇಲ್ಲಿ ಇದ್ದದ್ದು ಇದ್ದಂತೆಯೇ ಕೊಡುತ್ತಿದ್ದೇನೆ.

"ಹದಿನಾಲ್ಕು ಜನರ ಪಕ್ಕ ಕುಳಿತೆ. ಒಂಬತ್ತು ಜನ ಮಾತ್ರೆ ನುಂಗದೆ 'ಹೌದು' ಒತ್ತಿದರು. ಇವರು ಸುಳ್ಳುಗಾರರಲ್ಲ. ಪ್ರಶ್ನೆಯ ಮೇಲೆ ವೈದ್ಯರ ಮುಖವಿದೆ. ಇಲ್ಲಿಯವರಿಗೆ ವೈದ್ಯರ ಮುಖ ನೋಡುತ್ತಾ 'ಇಲ್ಲ' ಎನ್ನುವುದು ಅವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ ಹಾಗೆ. ವಯಸ್ಸಾದ ದರ್ಜಿಯೊಬ್ಬರು, ಮಾತ್ರೆ ನುಂಗಿದರೆ ಮಧ್ಯಾಹ್ನ ತಲೆ ತಿರುಗಿ ಸೂಜಿಗೆ ದಾರ ಪೋಣಿಸಲಾಗುವುದಿಲ್ಲವೆಂದು, ಹನ್ನೆರಡು ದಿನದಿಂದ ನುಂಗಿಲ್ಲ. ಹನ್ನೆರಡು ದಿನವೂ 'ಹೌದು' ಒತ್ತಿದ್ದಾರೆ. ಒತ್ತುವಾಗ ಭಾವಚಿತ್ರಕ್ಕೆ ತಲೆ ಬಾಗಿಸುತ್ತಾರೆ. ಇದನ್ನು ನಂಬಿದ ವೈದ್ಯರು, ಮಾತ್ರೆ ಸಾಲುತ್ತಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತಾರೆ. ಹೆಚ್ಚಿಸಿದ ಮಾತ್ರೆಯನ್ನು ಇವರು ಒಂದು ದಿನ ನಿಜವಾಗಿ ನುಂಗಲು ಶುರುಮಾಡಿದರೆ ಜೀವಕ್ಕೆ ಅಪಾಯ. ಭಾವಚಿತ್ರ ತೆಗೆಯಿರಿ. ಹೌದೋ ಇಲ್ಲವೋ ಎಂದು ಕೇಳಬೇಡಿ. ಸ್ಟ್ರಿಪ್ಪಿನಲ್ಲಿ ಇನ್ನು ಎಷ್ಟು ಮಾತ್ರೆ ಉಳಿದಿವೆ ಎಂದು ಕೇಳಿ. ದರ್ಜಿಯವರನ್ನು ಹಾಗೆ ಕೇಳಿದೆ. ಒಳಗೆ ಹೋಗಿ ಸ್ಟ್ರಿಪ್ ತಂದು, ಬೆರಳಿಟ್ಟು ಎಣಿಸಿ, ನಿಜ ಹೇಳಿದರು. ಇದನ್ನು ಸರಿಪಡಿಸದೆ ಬಿಡುಗಡೆ ಮಾಡಬಾರದು."

ವರದಿ ಬಂದ ಬೆಳಿಗ್ಗೆ ನಿರ್ದೇಶಕರು ಆಸ್ಪತ್ರೆಯ ಮೂವರು ಪ್ರತಿನಿಧಿಗಳ ಜೊತೆ ಕಾರಿಡಾರಿನಲ್ಲಿ ಎದುರಾದರು. ಬಿಡುಗಡೆಯ ದಿನಾಂಕ ಆಗಲೇ ಘೋಷಣೆಯಾಗಿತ್ತು. ಅವರು ನಡೆಯುವುದನ್ನೂ ನಿಲ್ಲಿಸದೆ, "ವರದಿಯಲ್ಲಿ ತಡೆಯೋ ಅಂಥದ್ದು ಏನೂ ಇಲ್ಲ ತಾನೇ?" ಎಂದರು.

"ಏನಿಲ್ಲ ಸಾರ್" ಎಂದೆ.

ಆಸ್ಪತ್ರೆಯವರು ನನ್ನತ್ತ ನೋಡಿ ನಕ್ಕರು. ನಾನೂ ಹಲ್ಲು ಕಿರಿದೆ. ಮಾತು ಬಾಯಿಂದ ಬಿದ್ದಾಗಿತ್ತು. ಅವರ ಹಿಂದೆ ಓಡಿಹೋಗಿ ಇದೆ ಸಾರ್ ಎನ್ನಲು ಹತ್ತು ಹೆಜ್ಜೆ ಸಾಕಿತ್ತು, ಹಾಕಲಿಲ್ಲ. ಮೇಜಿಗೆ ಬಂದು ಕೂತು, ಆಡಿದ ಮಾತಿಗೆ ತಕ್ಕಂತೆ ವರದಿಯನ್ನು ಮಾಡಿದೆ. ಏಳನೆಯ ಪುಟ ತೆಗೆದಾಗ ಕಂಪ್ಯೂಟರು ಎಂಟನ್ನು ಏಳು ಮಾಡಿಕೊಂಡು ಕೊನೆಯವರೆಗೂ ತಾನೇ ಸರಿಪಡಿಸಿಕೊಂಡಿತು. ಹದಿಮೂರು ಪುಟ. ಸಾರಾಂಶದಲ್ಲಿ, ಬಳಕೆದಾರರು 'ಹೌದು' ಬಟನ್ನನ್ನು ಯಾವುದೇ ತೊಂದರೆಯಿಲ್ಲದೆ ಬಳಸಿದರು ಎಂದು ಬರೆದೆ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಂಥ ವಾಕ್ಯ ಬರೆಯುವುದರಲ್ಲಿ ನಾನು ಪಳಗಿದ್ದೆ. ಒಂದು ವಾರದ ನಂತರ ಮೇಡಂ ಫೋನು ಮಾಡಿ ವರದಿ ತಲುಪಿತೇ ಎಂದು ಕೇಳಿದರು. ಎಲ್ಲರಿಗೂ ಕೊಟ್ಟಾಯಿತು ಮೇಡಂ ಎಂದೆ.

ಆ್ಯಪ್ ಘೋಷಿಸಿದ ದಿನವೇ ಬಿಡುಗಡೆಯಾಯಿತು. ದರ್ಜಿ ಪ್ರತಿದಿನವೂ 'ಹೌದು' ಒತ್ತಿದರು. ವೈದ್ಯರು ಎರಡು ಸಲ ಪ್ರಮಾಣ ಹೆಚ್ಚಿಸಿದರು. ಮೂರನೆಯ ತಿಂಗಳು ಬೇರೆ ಊರಿನಲ್ಲಿದ್ದ ಮಗಳು ಅಪ್ಪನನ್ನು ನೋಡಲು ಬಂದವಳು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ತೆರೆಯದ ಸ್ಟ್ರಿಪ್ಪುಗಳನ್ನು ಕಂಡು ಗಾಬರಿಯಾದಳು. ಗದರಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ತಾನೇ ಲೋಟದಲ್ಲಿ ನೀರು ಹಿಡಿದು ನಿಂತು, ಆಸ್ಪತ್ರೆ ಬರೆದುಕೊಟ್ಟಷ್ಟೂ ಮಾತ್ರೆ ನುಂಗಿಸಿದಳು. ಒಂಬತ್ತನೆಯ ದಿನ ಅವರು ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಹೊಸ್ತಿಲ ಮೇಲೆ ಬಿದ್ದರು. ತಲೆಗೆ ಏಟಾಗಿ ಮೂರು ದಿನದಲ್ಲಿ ತೀರಿಕೊಂಡರು. ಹೀಗೆಯೇ ಬಿದ್ದು ಆಸ್ಪತ್ರೆ ಸೇರಿದವರು ಇನ್ನೂ ಹನ್ನೊಂದು ಜನ; ಅವರು ಬದುಕಿದರು.

ನಮ್ಮಲ್ಲಿ ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಮೂವರು ಸದಸ್ಯರು, ನೀರಿನ ಬಾಟಲಿಗಳು. ವರದಿಯಲ್ಲಿ ಎಚ್ಚರಿಕೆಯೇ ಇರಲಿಲ್ಲವೆಂದು ನಿರ್ದೇಶಕರು ಹೇಳಿದರು. ಅವರ ಕೈಗೆ ಬಂದದ್ದರಲ್ಲಿ ನಿಜಕ್ಕೂ ಇರಲಿಲ್ಲ. ಮೇಡಂ ಕಡತ ತೆರೆದು, ಹಾಳೆಗಳನ್ನು ಒಂದೊಂದಾಗಿ ತಿರುವಿ, ಹದಿಮೂರಕ್ಕೆ ನಿಂತರು. ಮತ್ತೆ ಮೊದಲಿನಿಂದ ತಿರುವಿದರು. ಆಮೇಲೆ ನನ್ನನ್ನು ನೋಡಿದರು. ಸದಸ್ಯರು ನನ್ನನ್ನು ಕೇಳಿದಾಗ, ಮಾದರಿ ಬದಲಿಸುವಾಗ ಪುಟವೊಂದು ಬಿಟ್ಟುಹೋಗಿರಬಹುದು, ನಾನು ಜೋಡಿಸಿದೆನೇ ಹೊರತು ಓದಲಿಲ್ಲ ಎಂದೆ. ಮೇಡಂ ನನಗೆ ಕಳಿಸಿದ ಮೂಲ ಪ್ರತಿ, ತಾರೀ‌ಖಿನ ಸಮೇತ, ಅವರ ಕಂಪ್ಯೂಟರಿನಲ್ಲಿತ್ತು. ಅದನ್ನು ತೆರೆದರೆ ಸಾಕಿತ್ತು. ಅವರು ಕಡತ ಮುಚ್ಚಿದರು.

"ಬರೆದು ಕಳಿಸಿದ್ರೆ ಮುಗೀಲಿಲ್ಲ. ಓದಿದ್ರಾ ಅಂತ ನಾನು ಕೇಳ್ಬೇಕಿತ್ತು, ತಲುಪಿತಾ ಅಂತ ಮಾತ್ರ ಕೇಳ್ದೆ. ಈ ಹುಡುಗಿಗೆ ಕೆಲಸ ಕಲಿಸಿದವಳೂ ನಾನೇ. ಹೊಣೆ ನಂದು."

ಬಳಕೆದಾರರು ತಪ್ಪು ಮಾಹಿತಿ ನೀಡಿದ್ದು ಮತ್ತು ಕ್ಷೇತ್ರ ಅಧ್ಯಯನ ಅದನ್ನು ಮುಂಗಾಣದೆ ಹೋದದ್ದು ಅವಘಡಕ್ಕೆ ಕಾರಣವೆಂದು ಸಮಿತಿ ತೀರ್ಮಾನಿಸಿತು. ಎಂದರೆ, ಸತ್ತವರದು ಒಂದು ತಪ್ಪು, ಅವರನ್ನು ಉಳಿಸಲು ಬರೆದವರದು ಇನ್ನೊಂದು. ನಿರ್ದೇಶಕರು ಬಡ್ತಿಯಾಗಿ ಬೇರೆ ದೇಶಕ್ಕೆ ಹೋದರು. ಮೇಡಂ ಅವರನ್ನು ಎತ್ತಂಗಡಿ ಮಾಡಿ, ಇಪ್ಪತ್ತಮೂರು ವರ್ಷ ಹಿಂದಕ್ಕೆ, ಎರಡನೆಯ ಮಹಡಿಯ ಅದೇ ಕಿಟಕಿಯಿಲ್ಲದ ಕೋಣೆಗೆ, ಬಟನ್ನಿನೊಳಗೆ ಪದ ಹಿಡಿಸುತ್ತದೆಯೇ ಎಂದು ನೋಡುವ ಕೆಲಸಕ್ಕೆ ಕಳಿಸಿದರು. ಅವರ ವಿಭಾಗಕ್ಕೆ ನನ್ನನ್ನು ಮುಖ್ಯಸ್ಥೆಯಾಗಿ ಮಾಡಿದರು. ಅವರ ಕೋಣೆ, ಅವರ ಕಪಾಟು, ಗೋಡೆಯ ಮೇಲೆ ಅವರು ತೂಗುಹಾಕಿದ್ದ ಭೂಪಟ ಎಲ್ಲ ನನಗೆ ಬಂದವು. ನಾನು ತೆಗೆದುಕೊಂಡೆ.

ಎಂಟು ವರ್ಷ ಅವರು ಆ ಕೋಣೆಯಲ್ಲಿ ಒಂದು ಅಕ್ಷರ ಅಂಚಿನಾಚೆ ಹೋಗದಂತೆ ಕೆಲಸ ಮಾಡಿದರು. ಪ್ರತಿ ಬುಧವಾರ ಮಧ್ಯಾಹ್ನ ನಾನು ಕೆಳಗಿಳಿದು ಹೋಗಿ ಅವರ ಜೊತೆ ಟೀ ಕುಡಿಯುತ್ತಿದ್ದೆ. ಅವರು ನನ್ನ ಕೆಲಸದ ಬಗ್ಗೆ ಕೇಳುವರು, ನನ್ನ ಗಂಡನ ಮಂಡಿನೋವಿನ ಬಗ್ಗೆ ಕೇಳುವರು, ನಾನು ಎಡವಿದಲ್ಲಿ ತಿದ್ದುವರು. ಹಳೆಯದನ್ನು ಒಮ್ಮೆಯೂ ಎತ್ತಲಿಲ್ಲ. ಕ್ಷಮಿಸಿದ್ದಾರೆ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಹೇಳಿಕೊಂಡು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ. ಈ ಸಂಸ್ಥೆಯಲ್ಲಿ ಹೊಸಬರಿಗೆ ಪಾಠ ಹೇಳುವಾಗ, ಬೇರೆ ದೇಶದವರ ಮುಜುಗರ, ಮರ್ಯಾದೆ, ಭಯಗಳು ಪರದೆಯ ಮೇಲೆ ಹೇಗೆ ಮೂಡುತ್ತವೆ ಎಂದು ನಾನು ಗಂಟೆಗಟ್ಟಲೆ ವಿವರಿಸುತ್ತೇನೆ. ಆ ಆ್ಯಪ್‌ನಲ್ಲಿ ಮೂಡಿದ್ದು ನಮ್ಮ ಕಾರಿಡಾರಿನ ಭಯ ಎಂದು ಯಾವ ಪಾಠದಲ್ಲೂ ಹೇಳಿಲ್ಲ.

ಕಳೆದ ತಿಂಗಳು ಸಂಪುಟಕ್ಕೆ ಅವರ ಭಾವಚಿತ್ರ ಕೇಳಲು ಮನೆಗೆ ಹೋಗಿದ್ದೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಅವರ ತಮ್ಮ ಅಡುಗೆಮನೆಯಲ್ಲಿ ಕೊಳಾಯಿ ರಿಪೇರಿ ಮಾಡುತ್ತಿದ್ದರು. ಮೇಡಂ ಸಮಾರಂಭಕ್ಕೆ ಬರುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕೂರುವುದು ತಮಗೆ ಒಗ್ಗದು, ಮನೆ ಹತ್ತಿರದ ದವಾಖಾನೆಯಲ್ಲಿ ಸರದಿ ಸಂಖ್ಯೆ ತೋರಿಸುವ ಪರದೆಯನ್ನು ಯಾರೂ ನೋಡುತ್ತಿಲ್ಲ, ಅದೇಕೆಂದು ತಿಳಿಯಲು ತಾವು ಬಿಡುವಾದಾಗೆಲ್ಲ ಹೋಗಿ ಕೂರುತ್ತಿರುವುದಾಗಿ, ಅದರಲ್ಲೇ ಖುಷಿಯಾಗಿರುವುದಾಗಿ ಹೇಳಿದರು. ಆಮೇಲೆ ಏಳನೆಯ ಪುಟದ ಮಾತೆತ್ತಿದರು. ಎಂಟು ವರ್ಷದಲ್ಲಿ ಅದೇ ಮೊದಲ ಸಲ. ವಿಚಾರಣೆ ಮುಗಿದ ವರ್ಷ ಅವರು ರಜೆ ಹಾಕಿ ದರ್ಜಿಯ ಮಗಳನ್ನು ನೋಡಿ ಬಂದಿದ್ದರಂತೆ. ತಪ್ಪು ನಿನ್ನದಲ್ಲ, ನಮ್ಮದು ಎಂದು ಹೇಳಿದರೂ ಅವಳು ನಂಬಲಿಲ್ಲವಂತೆ; ಸಂಸ್ಥೆಯ ಕಾಗದದಲ್ಲಿ ಬೇರೆಯೇ ಬರೆದಿತ್ತಲ್ಲ.

"ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೋ. ಆ ಪುಟ ಒಂದು ಅಚ್ಚಾಗ್ಲಿ. ಅವಳ ಭಾಷೆಗೆ ನಾನೇ ಮಾಡಿಸಿ ಕಳಿಸ್ತೀನಿ. ಅಪ್ಪನ್ನ ಕೈಯಾರೆ ಕೊಂದೆ ಅಂತ ಇವತ್ತಿಗೂ ಅಂದ್ಕೊಂಡಿದ್ದಾಳೆ ಕಣೇ ಆ ಮಗು."

ಆಗಲಿ ಎಂದೆ. ಹೊರಡುವಾಗ ಬಾಗಿಲವರೆಗೆ ಬಂದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಉತ್ತರವನ್ನು ಒಳಗಿಟ್ಟು ಪ್ರಶ್ನೆ ಕೇಳಬಾರದೆಂದು ಜೀವಮಾನವಿಡೀ ಕಲಿಸಿದವರು, ಅಂದು ಅಂಥದ್ದೇ ಒಂದು ಪ್ರಶ್ನೆ ಕೇಳಿದರು.

"ನೀನು ಆ ಪುಟ ಓದಿರ್ಲಿಲ್ಲ, ಅಲ್ವಾ?"

ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. "ಇಲ್ಲ ಮೇಡಂ, ಓದಿರ್ಲಿಲ್ಲ" ಎಂದೆ.

"ಅಷ್ಟು ಸಾಕು" ಎಂದರು. "ಬೇಜವಾಬ್ದಾರಿ ಯಾರಿಗಿಲ್ಲ. ಓದಿ ತೆಗ್ದಿದ್ರೆ ನಿನ್ ಜೊತೆ ಕೂತು ಇಷ್ಟು ವರ್ಷ ಟೀ ಕುಡಿಯೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ." ನನ್ನ ಭುಜ ತಟ್ಟಿ, ಹುಷಾರಾಗಿ ಹೋಗು ಎಂದು ಬಾಗಿಲು ಹಾಕಿಕೊಂಡರು.

ಎಂದರೆ, ಅದು ಕ್ಷಮೆಯಾಗಿರಲಿಲ್ಲ, ನಂಬಿಕೆಯಾಗಿತ್ತು. ಮರುದಿನ ಈ ಲೇಖನ ಬರೆಯಲು ಕುಳಿತೆ. ಇದರ ಒಂದು ಪ್ರತಿಯನ್ನು ವಿಚಾರಣೆಯ ಕಡತಕ್ಕೂ ಸೇರಿಸಲು ಕೊಟ್ಟಿದ್ದೇನೆ. ಅದರಿಂದ ನನ್ನ ಹುದ್ದೆ ಹೋಗುವುದು ಖಚಿತ, ಹೋಗಲಿ. ನನಗೆ ಭಯವಿರುವುದು ಮುಂದಿನ ಬುಧವಾರಗಳ ಬಗ್ಗೆ.

ನಮ್ಮ ಮೇಡಂ ನೂರು ವರ್ಷ ಬಾಳಲಿ. ಅವರ ಕಣ್ಣು, ಕಿವಿ, ಮಂಡಿ ಗಟ್ಟಿಯಾಗಿರಲಿ. ದವಾಖಾನೆಯ ಪರದೆಯನ್ನು ಜನ ತಲೆಯೆತ್ತಿ ನೋಡುವಂತಾಗಲಿ. ಅದು ಮುಗಿದ ಮೇಲೆ ಇನ್ನೊಂದು ಬಾಗಿಲಿಗೆ ಅವರನ್ನು ಯಾರಾದರೂ ಕರೆಯಲಿ. ದರ್ಜಿಯ ಮಗಳು ಆ ಪುಟವನ್ನು ತನ್ನ ಭಾಷೆಯಲ್ಲಿ ಓದಲಿ. ಇಷ್ಟನ್ನು ಹಾರೈಸುವ ಯೋಗ್ಯತೆ ನನಗಿಲ್ಲವೆಂದು ತಿಳಿದೇ ಹಾರೈಸುತ್ತಿದ್ದೇನೆ. ಮೇಡಂ ಯಾವ ಬರಹವನ್ನೂ ಕೊನೆಯ ಪುಟದಿಂದ ಓದಲು ಶುರುಮಾಡುವವರು. ಆದ್ದರಿಂದ ಅವರಿಗೆ ಮೊದಲು ತಿಳಿಯಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದಿದ್ದೆ ಮೇಡಂ. ತೆಗೆಯುವ ಮೊದಲು ಎರಡು ಸಲ ಓದಿದ್ದೆ.